ಸಂತೆಕಲ್ಲೂರಿನ ಬಾವಿಯಲ್ಲಿ ನೂರು ಸಲ

ಇಪ್ಪತ್ತೇಳು ನಿಮಿಷ ಎಂದು ಡೈರಿಯಲ್ಲಿ ಬರೆದುಕೊಂಡ ದಿನವೇ ನನಗೆ ಅನುಮಾನ ಬರಬೇಕಿತ್ತು. ಸಿಂಧನೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪತ್ರಿಕೆಯೊಂದರ ವರದಿಗಾರನಾಗಿದ್ದೇನೆ. ಯಾರು ಯಾವ ಅಂಕಿ ಹೇಳಿದರೂ ಅದನ್ನು ಇನ್ನೊಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳದೆ ಬರೆದವನಲ್ಲ. ನನ್ನದೇ ಅಂಕಿಯನ್ನು ಮಾತ್ರ ಯಾರನ್ನೂ ಕೇಳದೆ ನಂಬಿದೆ.

ಅದು ಎರಡು ಕಿಲೋಮೀಟರ್ ಈಜಿದ್ದಕ್ಕೆ ಹಿಡಿದ ಸಮಯ. ನಾನು ತಯಾರಾಗುತ್ತಿದ್ದುದು ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ, ಒಂದರ ಹಿಂದೆ ಒಂದರಂತೆ ಮುಗಿಸಬೇಕಾದ ಸ್ಪರ್ಧೆಗೆ. ಟ್ರಯಥ್ಲಾನ್ ಎನ್ನುತ್ತಾರೆ. ಮೊದಲು ಕೆರೆಯಲ್ಲಿ ಸಾವಿರದ ಒಂಬೈನೂರು ಮೀಟರ್ ಈಜು, ಆಮೇಲೆ ತೊಂಬತ್ತು ಕಿಲೋಮೀಟರ್ ಸೈಕಲ್, ಕೊನೆಗೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಎಪ್ಪತ್ತು ನಿಮಿಷದೊಳಗೆ ನೀರಿನಿಂದ ಹೊರಗೆ ಬರದವರಿಗೆ ಸೈಕಲ್ ಮುಟ್ಟಲು ಬಿಡುವುದಿಲ್ಲ. ಅವರ ಸ್ಪರ್ಧೆ ದಡದಲ್ಲೇ ಮುಗಿಯುತ್ತದೆ.

ಹೋದ ವರ್ಷ ನನ್ನದು ದಡದಲ್ಲೂ ಅಲ್ಲ, ದೋಣಿಯಲ್ಲಿ ಮುಗಿದಿತ್ತು. ಸಮಯ ಮೀರಿದಾಗ ನಾನು ಇನ್ನೂ ಕೆರೆಯ ನಡುವೆ ಇದ್ದೆ. ಕಾವಲು ದೋಣಿಯವರು ಎರಡೂ ತೋಳು ಹಿಡಿದು ಎತ್ತಿ ಹಾಕಿಕೊಂಡರು. ನನ್ನ ಹೆಂಡತಿ ಬೇಲಿಯ ಆಚೆ ನನ್ನ ಸೈಕಲ್ಲಿನ ಎದುರಿಗೆ ನಿಂತಿದ್ದಳು. ಆ ಸಾಲಿನ ಸೈಕಲ್‌ಗಳೆಲ್ಲ ಒಂದೊಂದಾಗಿ ಹೊರಟುಹೋಗಿ ನಾಲ್ಕೋ ಐದೋ ಉಳಿದಿದ್ದವು. ಗಾಲಿ ಒಂದು ಸುತ್ತೂ ತಿರುಗದ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಸಿಂಧನೂರಿಗೆ ಬಂದೆವು. ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳುವಾಗಲೇ ಪರಿಚಯದ ಆಟೊದವರೊಬ್ಬರು ಕೇಳಿದರು: "ಏನ್ರೀ ಸರ, ಎಷ್ಟನೇ ನಂಬರ್ ಬಂತು?" ಮುಂದಿನ ಒಂದು ತಿಂಗಳು ತಹಶೀಲ್ದಾರ್ ಕಚೇರಿಯಲ್ಲಿ, ಠಾಣೆಯಲ್ಲಿ, ಅಕ್ಕಿ ಗಿರಣಿಯ ಗೇಟಿನಲ್ಲಿ ಅದೇ ಪ್ರಶ್ನೆಗೆ ಉತ್ತರ ಹೇಳಿದೆ.

ಹೆಂಡತಿ ಆ ಪ್ರಶ್ನೆ ಕೇಳಲಿಲ್ಲ. ಮನೆಗೆ ಬಂದು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಹೇಳಿದಳು: "ಇನ್ನೊಂದ್ಸಲ ಹೋಗ್ರಿ. ನಾನೂ ಬರ್ತೀನಿ. ಆದ್ರ ಮತ್ತ ದೋಣಿಯಾಗ ಕುಂತು ಬಂದ್ರಿ ಅಂದ್ರ ಅಲ್ಲಿಗೆ ಮುಗೀತು. ನಾಲ್ಕು ವರ್ಷದಿಂದ ಒಂದು ಭಾನುವಾರ ಮನ್ಯಾಗ ಇಲ್ರಿ ನೀವು."

ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಊರಿನ ಓಟದ ಸ್ಪರ್ಧೆಯೊಂದರ ವರದಿಗೆ ಹೋದವನಿಗೆ ಸಂಘಟಕರು ಉಳಿದಿದ್ದ ನಂಬರ್ ಚೀಟಿಯೊಂದನ್ನು ತಮಾಷೆಗೆ ಅಂಗಿಗೆ ಸಿಕ್ಕಿಸಿದ್ದರು. ಅವತ್ತು ಓಡಿದವನು ನಿಲ್ಲಿಸಲೇ ಇಲ್ಲ. ಓಟದ ಬೆನ್ನಿಗೆ ಸೈಕಲ್ ಬಂತು. ಮನೆಯ ಭಾನುವಾರಗಳೆಲ್ಲ ರಸ್ತೆಗೆ ಹೋದವು. ಈ ಸಲ ಈಜು ದಾಟದಿದ್ದರೆ ಬಿಡುತ್ತೇನೆ ಎಂದು ಒಪ್ಪಿಕೊಂಡೆ. ಮನಸ್ಸಿಲ್ಲದೆ ಒಪ್ಪಿಕೊಂಡೆ ಎಂಬುದನ್ನೂ ಇಲ್ಲಿ ಬರೆಯಬೇಕು.

ನಮ್ಮ ಸೀಮೆಯಲ್ಲಿ ಈಜು ಎಂದರೆ ಕಾಲುವೆ. ಮುಖ್ಯ ಕಾಲುವೆಯಲ್ಲಿ ಕಾಲು ಜಾರಿ ಹೋದವರ ಬಗ್ಗೆ ನಾನೇ ಬರೆದ ಸುದ್ದಿಗಳು ಒಂದು ಕಡತದಷ್ಟಿವೆ. ಆದ್ದರಿಂದ ಎದೆಮಟ್ಟ ನೀರಿನ ಉಪಕಾಲುವೆಯೊಂದನ್ನು ಆರಿಸಿಕೊಂಡೆ. ಅಲ್ಲಿನ ಗ್ಯಾಂಗ್‌ಮನ್, ಅಂದರೆ ಕಾಲುವೆ ದಂಡೆ ಕಾಯುತ್ತ ತೂಬು ಏರಿಸಿ ಇಳಿಸುವ ನೌಕರ, ಮೊದಲ ದಿನವೇ ಬೈಕ್ ನಿಲ್ಲಿಸಿ ಕೇಳಿದ:

"ಸರ, ನೀವು ಮುಳುಗಿದ್ರ ನಿಮ್ಮ ಸುದ್ದಿ ಬರಿಯಾವ್ರು ಯಾರ್ರೀ? ನನಗಂತೂ ಬರಿಯಾಕ ಬರಂಗಿಲ್ಲ."

ಹೀಗೆ ಹೇಳಿದ ಮನುಷ್ಯ ಮಾರನೆಯ ದಿನದಿಂದ ಲಾರಿ ಟ್ಯೂಬು, ಹಗ್ಗ ಹಿಡಿದುಕೊಂಡು ಬರತೊಡಗಿದ. ಸೇತುವೆಯ ಬಳಿ ನಾನು ನೀರಿಗಿಳಿದರೆ ನನ್ನ ಬಟ್ಟೆ, ಚಪ್ಪಲಿ, ಚಹಾದ ಫ್ಲಾಸ್ಕ್ ಬೈಕಿಗೆ ಸಿಕ್ಕಿಸಿಕೊಂಡು ದಂಡೆಯ ಮೇಲೆ ನಿಧಾನ ಬರುತ್ತಿದ್ದ. ಎರಡು ಕಿಲೋಮೀಟರ್ ಕೆಳಗಿನ ಕಲ್ಲಿನ ಹತ್ತಿರ ಕೈಕೊಟ್ಟು ಹತ್ತಿಸಿಕೊಳ್ಳುತ್ತಿದ್ದ. ಕಾಲುವೆಗೆ ನೀರು ಬಿಟ್ಟ ಮೊದಲ ವಾರ ಮೂವತ್ತೆರಡು ನಿಮಿಷ ಹಿಡಿಯಿತು. ನೀರಿನ ಮಟ್ಟ ಏರಿದಂತೆ ಮೂವತ್ತು, ಇಪ್ಪತ್ತೆಂಟು. ದೀಪಾವಳಿಯ ಹೊತ್ತಿಗೆ ಇಪ್ಪತ್ತೇಳು. ನಾನು ಅದನ್ನೆಲ್ಲ ಅಭ್ಯಾಸದ ಫಲವೆಂದೇ ಬರೆದುಕೊಂಡೆ. ಎಪ್ಪತ್ತು ನಿಮಿಷದ ಗಡುವು ನೆನೆದರೆ ನಗು ಬರುತ್ತಿತ್ತು. ಹೆಂಡತಿಗೂ ಹೇಳಿದೆ, ಈ ಸಲ ಈಜಿನ ಚಿಂತೆಯಿಲ್ಲ ಎಂದು.

ದೀಪಾವಳಿ ಮುಗಿದ ವಾರ ಒಂದು ಬೆಳಗ್ಗೆ ನಾನು ನೀರಿಗಿಳಿಯುವ ಹೊತ್ತಿಗೆ ನಾಲ್ಕೈದು ಹೆಣ್ಣುಮಕ್ಕಳು ಸೇತುವೆಯ ಮೇಲೆ ಗಂಗೆ ಪೂಜೆ ಮಾಡುತ್ತಿದ್ದರು. ಅರಿಸಿನ ಕುಂಕುಮ ಹಚ್ಚಿ, ಹಸಿರು ರವಿಕೆ ಕಣ ಸುತ್ತಿದ ತೆಂಗಿನಕಾಯಿಯೊಂದನ್ನು ನೀರಿಗೆ ಬಿಟ್ಟರು. ಅದು ನನ್ನ ಭುಜದ ಪಕ್ಕದಲ್ಲೇ ಬಿತ್ತು. ನಾನು ಈಜಲು ಶುರು ಮಾಡಿದೆ. ಕೆಳಗಿನ ಕಲ್ಲು ಮುಟ್ಟಿ ಹತ್ತಿ, ಮೈ ಒರೆಸಿಕೊಂಡು, ಗ್ಯಾಂಗ್‌ಮನ್ ಜೊತೆ ದಂಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

"ಸರ, ಆ ಕಾಯಿ ನೋಡ್ರಿ" ಅಂದ.

"ಯಾವ ಕಾಯಿ?"

"ಆ ಹೆಣ್ಮಕ್ಕಳು ಬಿಟ್ಟಿದ್ದು. ನಿಮ್ಮ ಜೋಡೀನ ಹೊಂಟಿತ್ತಲ್ಲ. ಅದೂ ಬಂತು."

ಹಸಿರು ಕಣ ನೀರಲ್ಲಿ ಹರಡಿಕೊಂಡು ಕಾಯಿ ನಮ್ಮ ಮುಂದೆಯೇ ಹಾದು ಹೋಯಿತು. "ಬರಲಿ ಬಿಡೋ" ಎಂದೆ.

"ಬರಲಿ, ನಾ ಬ್ಯಾಡ ಅನ್ನಂಗಿಲ್ಲ. ಅದು ಈಜಾಕ ಯಾವಾಗ ಕಲ್ತತಿ ಅಂತ ಕೇಳಾಕತ್ತೀನಿ."

ಕೈಗಡಿಯಾರ ನೋಡಿದೆ. ನಾನು ಕಲ್ಲು ಮುಟ್ಟಿ ಹನ್ನೊಂದು ನಿಮಿಷವಾಗಿತ್ತು. ಚಹಾದ ಲೋಟ ಕೆಳಗಿಟ್ಟು ಜೇಬಿನ ಪುಸ್ತಕ ತೆಗೆದೆ. ಕಾಯಿಗೆ ಮೂವತ್ತೆಂಟು ನಿಮಿಷ, ನನಗೆ ಇಪ್ಪತ್ತೇಳು. ಕಾಯಿಯ ವೇಗ ನೀರಿನ ವೇಗ. ಅದನ್ನು ನನ್ನ ವೇಗದಿಂದ ಕಳೆದರೆ ನನ್ನ ಕೈಕಾಲು ಮಾಡಿದ್ದು ಎಷ್ಟೆಂದು ಗೊತ್ತಾಗುತ್ತದೆ. ನಿಮಿಷಕ್ಕೆ ಇಪ್ಪತ್ತೊಂದು ಮೀಟರ್ ಚಿಲ್ಲರೆ. ಆ ಲೆಕ್ಕದಲ್ಲಿ ನಿಂತ ನೀರಿನಲ್ಲಿ ಸಾವಿರದ ಒಂಬೈನೂರು ಮೀಟರ್ ಈಜಲು ಬೇಕಾದುದು ಎಂಬತ್ತೆಂಟು ನಿಮಿಷ. ಎರಡು ಸಲ ಲೆಕ್ಕ ಹಾಕಿದೆ. ಎರಡು ಸಲವೂ ಎಂಬತ್ತೆಂಟೇ ಬಂತು.

"ಹಂಗಂದ್ರ ನಾ ಇಷ್ಟು ದಿನ ಈಜೇ ಇಲ್ಲೇನು?"

"ಈಜೀರಿ. ಇಲ್ಲಂತ ಯಾರಂದ್ರು? ಹನ್ನೊಂದು ನಿಮಿಷದ್ದು ನೀವು, ಉಳಿದಿದ್ದು ಡ್ಯಾಮು."

ಸ್ಪರ್ಧೆಗೆ ಉಳಿದಿದ್ದುದು ಹನ್ನೊಂದು ವಾರ. ಅಳೆದವನ ಮಾತು ನಂಬದೆ ಹೊಲಕ್ಕೇ ಹೋಗಿ ನೋಡು ಎಂದು ಹೊಸ ವರದಿಗಾರರಿಗೆ ಹೇಳುವವನು ನಾನು. ಹರಿಯುವ ನೀರಿನ ದಿಕ್ಕಿಗೇ ಈಜಿ, ನೀರಿನ ಕೆಲಸವನ್ನು ನನ್ನ ಹೆಸರಿಗೆ ಬರೆದುಕೊಂಡಿದ್ದೆ. ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ಹರಿಯುವುದೇ. ಹೋದ ವರ್ಷ ಕೆರೆಯಲ್ಲಿ ಸೋತ ಮೇಲೂ, ಅದು ನಿಂತರೆ ಹೇಗಿರುತ್ತದೆ ಎಂಬ ಯೋಚನೆ ನನಗೆ ಬರಲೇ ಇಲ್ಲ.

"ನಿಂತ ನೀರು ಬೇಕ್ರಿ ನಿಮಗ" ಎಂದ ಗ್ಯಾಂಗ್‌ಮನ್, ಬೈಕ್ ಚಾಲೂ ಮಾಡುತ್ತ. "ಸಂತೆಕಲ್ಲೂರಾಗ ನಮ್ಮ ಚಾಚಾ ಒಬ್ರು ಅದಾರ. ಅವರ ಹೊಲದಾಗ ಅರವತ್ತಡಿ ಅಗಲದ ಬಾವಿ ಐತಿ. ನನ್ನ ಹೆಸರು ಹೇಳ್ರಿ. ಬೈದ್ರ ಬೈಸ್ಕೊಳ್ರಿ, ಆಮ್ಯಾಲೆ ಇಳ್ಸಿಕೊಂತಾರ."

ಸಂತೆಕಲ್ಲೂರು ಮಸ್ಕಿ ದಾಟಿ ಲಿಂಗಸುಗೂರಿನ ದಾರಿಯಲ್ಲಿದೆ. ಬುಧವಾರ ಮತ್ತು ಭಾನುವಾರ ಎಂದು ಗೊತ್ತು ಮಾಡಿಕೊಂಡೆ. ಬೆಳಗ್ಗೆ ಐದಕ್ಕೆ ಸಿಂಧನೂರಿನಿಂದ ಸೈಕಲ್ ಹೊರಟರೆ ಏಳರ ಒಳಗೆ ಅಲ್ಲಿ. ಮಸ್ಕಿಯವರೆಗೆ ರಸ್ತೆಯ ಎರಡೂ ಕಡೆ ಭತ್ತ. ಕೊಯ್ಲಿನ ಯಂತ್ರಗಳು ಹೆಡ್‌ಲೈಟು ಹಾಕಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ಮಸ್ಕಿ ಗುಡ್ಡ ಹಿಂದೆ ಬಿದ್ದ ಮೇಲೆ ನೀರಾವರಿಯ ಹಸಿರು ತೀರಿ, ಜೋಳ, ತೊಗರಿಯ ಕಪ್ಪು ನೆಲ ತೆರೆದುಕೊಳ್ಳುತ್ತಿತ್ತು. ಆ ಚಳಿಗಾಲದಲ್ಲಿ ಮೂಡಣ ಗಾಳಿ ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ ಬೀಸುತ್ತಿತ್ತು. ಹೋಗುವ ಸಮಯ, ಬರುವ ಸಮಯ ಎರಡನ್ನೂ ಡೈರಿಯಲ್ಲಿ ಬೇರೆ ಬೇರೆ ಬರೆಯತೊಡಗಿದೆ. ಒಮ್ಮೆ ಮೋಸ ಹೋದವನು ಗಾಳಿಯನ್ನೂ ನಂಬುವುದಿಲ್ಲ.

ಚಾಚಾ ಎಪ್ಪತ್ತರ ಹತ್ತಿರದ ರೈತ. ಬಿಳಿ ಗಡ್ಡ, ತಲೆಗೆ ವಸ್ತ್ರ. ಗ್ಯಾಂಗ್‌ಮನ್ ಹೇಳಿದಂತೆ ಮೊದಲು ಬೈದರು.

"ಯಾವ ಊರಾಗ ಬಾವಿ ಇಲ್ಲಂತ ಇಲ್ಲೀತನಕ ಬಂದೀರಿ? ಏನರ ಆತು ಅಂದ್ರ ಪೊಲೀಸರು ನಮ್ಮ ಹೊಲದಾಗ ಪಂಚನಾಮಿ ಬರೀತಾರ. ತೊಗರಿ ತುಳದು ಹಾಳು ಮಾಡ್ತಾರ."

"ಸಿಂಧನೂರು ಕಡೆ ನಿಂತ ನೀರು ಇಲ್ರಿ ಚಾಚಾ" ಎಂದು ತೆಂಗಿನಕಾಯಿಯ ಕಥೆ ಪೂರ್ತಿ ಹೇಳಿದೆ. ಅವರು ನಗಲಿಲ್ಲ. ಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿದರು: "ಚಾ ಬನಾ ಗೇ, ಪೇಪರ್‌ವಾಲೇ ಆಯೇ!" ಪೇಪರಿನವರು ಬಂದಿದ್ದಾರೆ, ಚಹಾ ಮಾಡು ಎಂದದ್ದು. ಒಪ್ಪಿಗೆ ಸಿಕ್ಕಿತೆಂದು ಅದರಿಂದ ಗೊತ್ತಾಯಿತು.

ಷರತ್ತುಗಳಿದ್ದವು. ಮೊದಲು ಪಂಪಿನ ನೀರಿನಲ್ಲಿ ಬೆವರು ತೊಳೆದುಕೊಂಡೇ ಬಾವಿಗಿಳಿಯಬೇಕು. ಸೋಪು ಮುಟ್ಟುವಂತಿಲ್ಲ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನು ನಡುವಿಗೆ ಕಟ್ಟಿಕೊಳ್ಳಬೇಕು. ತಾವು ಮೆಟ್ಟಿಲ ಮೇಲೆ ಕೂತಿರುವಾಗ ಮಾತ್ರ ಈಜಬೇಕು. ನಾನು ಮನೆ ಕಟ್ಟುವ ಗೌಂಡಿಯೊಬ್ಬರಿಂದ ತಂದಿದ್ದ ಟೇಪು ಹಿಡಿದು ಇಬ್ಬರೂ ಬಾವಿ ಅಳೆದೆವು. ಗೋಡೆಯಿಂದ ಗೋಡೆಗೆ ಹತ್ತೊಂಬತ್ತು ಮೀಟರ್. ನೂರು ಸಲ ದಾಟಿದರೆ ಸರಿಯಾಗಿ ಸಾವಿರದ ಒಂಬೈನೂರು.

"ನೂರು ಸಲ ನಾ ಎಣಸ್ತೀನಿ. ನೀವು ಈಜ್ರಿ" ಎಂದರು. ನೀರೊಳಗೆ ತಲೆ ಹಾಕಿಕೊಂಡವನಿಗೆ ಎಣಿಕೆ ತಪ್ಪುತ್ತದೆ ಎಂಬುದು ಅವರಿಗೆ ನಾನು ಹೇಳದೆಯೇ ತಿಳಿದಿತ್ತು.

ಅವರ ಎಣಿಕೆ ಕಣದಲ್ಲಿ ಜೋಳ ಅಳೆಯುವ ಎಣಿಕೆ. ಇಪ್ಪತ್ತಕ್ಕೊಂದು ಕಲ್ಲು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದು. ಐದು ಕಲ್ಲಾದರೆ ನೂರು. ನಮ್ಮ ಕಡೆ ಕಾಳು ಅಳೆಯುವಾಗ ಯಾರೂ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಲಾಭ ಎನ್ನುತ್ತಾರೆ, ಮುಸ್ಲಿಮರ ಮನೆಗಳಲ್ಲಿ ಬರ್ಕತ್. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಚಾಚಾ "ಬರ್ಕತ್" ಎಂದು ಕೂಗಿದ್ದನ್ನು ಕೇಳಿಯೇ ನಾನು ಗೋಡೆ ಒದ್ದು ಹೊರಡುತ್ತಿದ್ದೆ. ಉಳಿದದ್ದು ನೀರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಮೊದಲ ದಿನ ಎರಡು ಕಲ್ಲಿಗೆ ದಣಿದು ಮೆಟ್ಟಿಲು ಹಿಡಿದುಕೊಂಡೆ. ಹಿಂದಿನಿಂದ ದೂಡದ ನೀರು ಎಷ್ಟು ಭಾರ ಎಂದು ಅವತ್ತು ಗೊತ್ತಾಯಿತು.

"ನೀವು ನೀರು ನೋಡ್ತೀರೋ, ಆಕಾಶ ನೋಡ್ತೀರೋ?" ಎಂದರು ಚಾಚಾ.

"ಉಸಿರು ತಗೊಳ್ಳಾಕ ತಲಿ ಎತ್ತಬೇಕಲ್ರಿ."

"ತಲಿ ಎತ್ತಿದ್ರ ಕಾಲು ಮುಳುಗ್ತಾವ. ತಲಿ ನೀರಿಗೆ ಕೊಟ್ಟುಬಿಡ್ರಿ. ಮಾರಿ ಬಾಜೂಕ ತಿರುವ್ರಿ ಸಾಕು. ಎಂಥಾ ದೊಡ್ಡ ಪೇಪರ್‌ನವರಾದ್ರೂ ನೀರಾಗ ತಲಿ ಎತ್ತಿ ನಡಿಯಾಕಾಗಂಗಿಲ್ರಿ."

ಬಾವಿಗೆ ಬಿದ್ದ ಕೊಡ, ಹಗ್ಗ, ಒಮ್ಮೆ ಒಂದು ಆಡಿನ ಮರಿ, ಎಲ್ಲವನ್ನೂ ಎತ್ತಿದ್ದ ಮನುಷ್ಯ ಅವರು. ಮೂರನೆಯ ವಾರ ಮೊದಲ ಸಲ ಐದೂ ಕಲ್ಲು ಮುಗಿಸಿದೆ. ಎಂಬತ್ತನಾಲ್ಕು ನಿಮಿಷ. ಆಮೇಲೆ ಎಪ್ಪತ್ತೊಂಬತ್ತು, ಎಪ್ಪತ್ತಾರು, ಎಪ್ಪತ್ಮೂರು. ಈಜು ಮುಗಿದ ಮೇಲೆ ಚಾಚಿ ಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿಂದು, ಭಾನುವಾರವಾದರೆ ಲಿಂಗಸುಗೂರಿನವರೆಗೆ ತುಳಿದು ತಿರುಗುತ್ತಿದ್ದೆ. ಹಟ್ಟಿ ಗಣಿಯ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಟವರು ಹಿಂದಿನಿಂದ ಬಂದು, "ಬರ್ರಿ, ಕೂಡ್ರಿ, ಬಿಡ್ತೀವಿ!" ಎಂದು ಕೂಗಿ ಮುಂದೆ ಹೋಗುತ್ತಿದ್ದರು. ಸಿಂಧನೂರಿಗೆ ಮರಳಿ, ಸೈಕಲ್ ಇಟ್ಟು, ಕಾಲುವೆ ದಂಡೆಯಲ್ಲಿ ಒಂದು ಗಂಟೆ ಓಡಿ, ಮಧ್ಯಾಹ್ನದ ಮೇಲೆ ಸುದ್ದಿ ಬರೆಯಲು ಕೂರುತ್ತಿದ್ದೆ. ಸೈಕಲ್, ಓಟ ಎರಡರಲ್ಲೂ ನನಗೆ ಭಯವಿರಲಿಲ್ಲ. ಅವು ಕಾಲಿನ ಕೆಲಸ, ದಿನವೂ ಮಾಡಿದರೆ ಬರುತ್ತವೆ.

ಈಜು ಎಪ್ಪತ್ಮೂರಕ್ಕೆ ನಿಂತಿತು. ಒಂದು ವಾರ, ಎರಡು ವಾರ, ಕೈ ಎಷ್ಟು ಬೀಸಿದರೂ ಎಪ್ಪತ್ಮೂರು. ಸ್ಪರ್ಧೆಗೆ ಎರಡೂವರೆ ವಾರ ಉಳಿದಿದ್ದ ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು, ಇನ್ನು ಆಗುವುದಿಲ್ಲ ಎಂದು ಚಾಚಾಗೆ ಹೇಳಿದೆ. ಮೂರು ನಿಮಿಷ ತಾನೆ ಎನ್ನಬಹುದು. ಗಡುವಿನ ಮುಂದೆ ಮೂರು ನಿಮಿಷವೂ ಒಂದು ದಿನವೂ ಒಂದೇ ಎಂಬುದು ಪತ್ರಿಕೆಯಲ್ಲಿ ದುಡಿದವರಿಗೆ ಗೊತ್ತು. ಮನೆಯಲ್ಲಿ ಹೇಳಿ ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

"ಬುಧವಾರ ಬರ್ರಿ. ಆಮ್ಯಾಲೆ ಏನರ ಮಾಡ್ಕೊಳ್ರಿ" ಎಂದರು.

ಬುಧವಾರ ಹೋದಾಗ ಚಾಚಾ ಇರಲಿಲ್ಲ. ಯಾವುದೋ ಅರ್ಜಿಯ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿದ್ದರು. ಮೆಟ್ಟಿಲ ಮೇಲೆ ಚಾಚಿ ಮೊರದ ತುಂಬ ಶೇಂಗಾಕಾಯಿ ಇಟ್ಟುಕೊಂಡು ಕೂತಿದ್ದರು.

"ನೂರು ಎಣಿಸಿ ಇಟ್ಟೀನಿ ತಮ್ಮಾ. ನೀ ಒಂದ್ಸಲ ಗ್ವಾಡಿ ಮುಟ್ಟು, ನಾ ಒಂದು ಕಾಯಿ ಒಡಿತೀನಿ. ನಿಂದೂ ಆಗ್ತದ, ನನ್ನ ಹಿಂಡಿಗೂ ಆಗ್ತದ."

ಮನಸ್ಸಿಲ್ಲದೆ ಈಜಿದೆ. "ಮುಗೀತು, ಏಳು" ಎಂದು ಅವರು ಕೂಗಿದಾಗ ಗಡಿಯಾರ ನೋಡಿದೆ. ಅರವತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡ್.

ನಂಬಲಿಲ್ಲ. "ಚಾಚಿ, ನೂರು ಖರೇನಾ? ಮಾತಾಡ್ತಾ ಒಂದೆರಡು ಹೆಚ್ಚಿಗಿ ಒಡದೀರೇನ?"

"ಯಾರ ಜೋಡಿ ಮಾತಾಡ್ಲಿ? ನೀ ನೀರಾಗಿದ್ದಿ, ಅವರು ಲಿಂಗಸುಗೂರಾಗ ಅದಾರ. ಸಿಪ್ಪಿ ಇಲ್ಲೇ ಬಿದ್ದಾವ, ಎಣಿಸ್ಕೋ."

ಎಣಿಸಿದೆ. ಒದ್ದೆ ಮೈಯಲ್ಲಿ ಮೆಟ್ಟಿಲ ಮೇಲೆ ಕೂತು ಸಿಪ್ಪೆಗಳನ್ನು ಜೋಡಿ ಮಾಡಿ ಎಣಿಸಿದೆ. ನೂರಿದ್ದವು. ಆದರೂ ನಂಬಿಕೆ ಬರಲಿಲ್ಲ. ಎರಡು ಮೂಲಗಳು ಎರಡು ಮಾತು ಹೇಳಿದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು. ಭಾನುವಾರ ಇಬ್ಬರನ್ನೂ ಬಾವಿಯ ಹತ್ತಿರ ಕೂರಿಸಿದೆ.

"ಚಾಚಾ, ನೀವು ಇಪ್ಪತ್ತು ಹೆಂಗ ಎಣಸ್ತೀರಿ, ಒಂದ್ಸಲ ಬಾಯಿಬಿಟ್ಟು ಹೇಳ್ರಿ."

"ಹೆಂಗ ಅಂದ್ರ? ಬರ್ಕತ್. ಒಂದು, ಎರಡು, ಮೂರು..."

"ತಡೀರಿ. ಬರ್ಕತ್ ಅಂದ್ರ ಅದ ಒಂದು ಅಲ್ಲೇನ್ರಿ?"

"ಅದು ಪ್ಯಾಟಿ ಮಂದಿ ಲೆಕ್ಕ. ನಮ್ಮ ಅಬ್ಬಾ ಹಂಗ ಅಳಿತಿದ್ದಿಲ್ಲ. ಮೊದಲನೇ ಸೇರು ತಗೊಳ್ಳಾವ್ರದು, ಹಂಗ ಹಾಕಿಬಿಡೋದು. ಲೆಕ್ಕ ಅದರ ಮ್ಯಾಲಿಂದ ಚಾಲೂ."

"ಹಂಗಾದ್ರ ನಿಮ್ಮ ಇಪ್ಪತ್ತು ಅಂದ್ರ ಇಪ್ಪತ್ತೊಂದು."

"ಹೌದ್ರಿ. ನಮ್ಮ ಕಣದಾಗ ಯಾವಾಗಲೂ ಹಂಗ."

ಚಾಚಿ ಮೊರ ಕೆಳಗಿಟ್ಟರು. "ಯಾ ಅಲ್ಲಾ! ಜ್ವಾಳ ಅಳಿಯೋದೂ ಮನಷ್ಯಾ ಈಜೋದೂ ನಿಮಗ ಒಂದೇನ್ರಿ? ಎರಡು ತಿಂಗಳದಿಂದ ಈ ತಮ್ಮಗ ಸುಮ್ಮಸುಮ್ಮನ ಹೆಚ್ಚಿಗಿ ಈಜಿಸೀರಿ. ನೋಡ್ರಿ, ಸೊರಗಿ ಕಟ್ಟಿಗಿ ಆಗ್ಯಾನ!"

"ಹೆಚ್ಚಿಗಿ ಕೊಟ್ಟೀನಿ" ಎಂದರು ಚಾಚಾ. "ಕಡಿಮಿ ಕೊಟ್ಟಿಲ್ಲಲ್ಲ."

ಐದು ಕಲ್ಲಿಗೆ ಐದು ಸಲ ಹೆಚ್ಚು. ನೂರಲ್ಲ, ನೂರೈದು. ಸಾವಿರದ ಒಂಬೈನೂರಲ್ಲ, ಎರಡು ಸಾವಿರಕ್ಕೆ ಐದು ಮೀಟರ್ ಕಡಿಮೆ. ಎಪ್ಪತ್ಮೂರು ನಿಮಿಷವನ್ನು ನೂರೈದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅರವತ್ತೊಂಬತ್ತೂವರೆ. ಚಾಚಿಯ ಸಿಪ್ಪೆಗಳು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ಮೂರು ವಾರಗಳಿಂದ ನಾನು ಗಡುವಿನ ಒಳಗೇ ಇದ್ದೆ, ಗೊತ್ತಿರಲಿಲ್ಲ.

ಬರ್ಕತ್ ಎಂದರೆ ಒಂದು ಎಂದು ನಾನು ಊಹಿಸಿಕೊಂಡಿದ್ದೆ, ಅವರನ್ನು ಕೇಳಿರಲಿಲ್ಲ. ಹೊರಗಿನಿಂದ ಬಂದವರಾಗಿದ್ದರೆ ಏನದು ಎಂದು ಮೊದಲ ದಿನವೇ ಕೇಳುತ್ತಿದ್ದರು. ಇಲ್ಲಿಯವನಾದ್ದರಿಂದ ಗೊತ್ತಿದೆ ಎಂದುಕೊಂಡೆ. ಒಂದೇ ಚಳಿಗಾಲದಲ್ಲಿ ಎರಡು ಸಲ, ಒಮ್ಮೆ ನನ್ನ ಪರವಾಗಿ, ಒಮ್ಮೆ ನನ್ನ ವಿರುದ್ಧ, ತಪ್ಪು ಅಂಕಿ ಬರೆದೆ. ಎರಡನ್ನೂ ತಿದ್ದಿದವರು ಪತ್ರಿಕೆಯ ಅಕ್ಷರ ಓದಲು ಬಾರದವರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಅಂದ್ರ ಆಗ್ತದ ಅನ್ರಿ" ಎಂದಳು.

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬಾವಿಯಲ್ಲಿ ಪ್ರತಿ ಹತ್ತೊಂಬತ್ತು ಮೀಟರಿಗೆ ಒಂದು ಗೋಡೆ ಇದೆ. ಅದನ್ನು ಒದ್ದು ತಿರುಗಿದಾಗ ಒಂದೆರಡು ಮೀಟರ್ ಪುಕ್ಕಟೆ ಸಿಗುತ್ತದೆ. ಕೆರೆಯಲ್ಲಿ ಒದೆಯಲು ಗೋಡೆ ಇರುವುದಿಲ್ಲ. ಅರ್ಧ ನಿಮಿಷದ ಉಳಿತಾಯ ಅಲ್ಲಿ ಉಳಿಯುತ್ತದೆಂದು ಯಾರೂ ಹೇಳಲಾರರು. ಉಳಿದ ದಿನಗಳಲ್ಲಿ ಗೋಡೆ ಒದೆಯದೆ ಬರೀ ಮುಟ್ಟಿ ತಿರುಗುವ ಅಭ್ಯಾಸ ಮಾಡಿದೆ. ಚಾಚಾ ತಮ್ಮ ಎಣಿಕೆ ಬದಲಿಸಲಿಲ್ಲ, ನಾನೂ ಬದಲಿಸಿರಿ ಎನ್ನಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅದೇ ಕೆರೆಗೆ ಹೋದೆವು. ಬೆಳಗ್ಗೆ ನೀರು ತಣ್ಣಗಿತ್ತು, ಸಣ್ಣ ಅಲೆಗಳಿದ್ದವು. ನೂರಾರು ಜನ ಒಟ್ಟಿಗೆ ನೀರಿಗೆ ಬಿದ್ದಾಗ ಯಾರದೋ ಕಾಲು ನನ್ನ ಈಜು ಕನ್ನಡಕಕ್ಕೆ ತಗುಲಿ ಒಂದು ಕಣ್ಣಿಗೆ ನೀರು ತುಂಬಿತು. ಅದನ್ನು ಸರಿಮಾಡಲು ನಿಲ್ಲಲಿಲ್ಲ. ತಲೆಯನ್ನು ನೀರಿಗೆ ಕೊಟ್ಟುಬಿಟ್ಟೆ. ಹಳದಿ ಗುರುತಿನ ಹತ್ತಿರ ತಿರುಗುವಾಗ ಗಡಿಯಾರದಲ್ಲಿ ಮೂವತ್ತೈದು ನಿಮಿಷ. ಅಂದರೆ ಅಷ್ಟೇ ಹೊತ್ತು ಬಾಕಿ, ಅಷ್ಟೇ ದೂರ ಬಾಕಿ. ತಪ್ಪಲು ಜಾಗವಿರಲಿಲ್ಲ.

ಕಾವಲು ದೋಣಿ ನನ್ನ ಬಲಕ್ಕೆ ಬಂತು. ಹಿಂದೆ ಉಳಿದವರ ಪಕ್ಕದಲ್ಲಿ ಅದು ಬರುವುದೇ ಹಾಗೆ. ಉಸಿರಿಗೆ ಮುಖ ತಿರುಗಿಸಿದಾಗಲೆಲ್ಲ ಅದರ ಅಂಚು ಕಾಣುತ್ತಿತ್ತು. ಎಡಕ್ಕೆ ಉಸಿರಾಡಲು ಶುರು ಮಾಡಿದೆ. ಆ ಕಡೆ ಬರೀ ನೀರಿತ್ತು. ಮುಂದಿದ್ದ ಒಬ್ಬರ ಕಾಲಿನ ನೊರೆ ಹಿಡಿದುಕೊಂಡು ಹೋದೆ. ಅವರು ಯಾರೋ ಗೊತ್ತಿಲ್ಲ. ಹಸಿರು ಟೊಪ್ಪಿಗೆ ಹಾಕಿದ್ದರು. ಅವರಿಗೂ ನಾನು ಋಣಿ. ಒಂದು ಹೊತ್ತಿನಲ್ಲಿ ದೋಣಿಯ ಮೋಟಾರಿನ ಸದ್ದು ಹಿಂದೆ ಬಿತ್ತು. ಇನ್ನೂ ಹಿಂದೆ ಇದ್ದವರ ಬಳಿಗೆ ಅದು ಹೋಗಿತ್ತು. ಕೈಬೆರಳಿಗೆ ಕೆಸರು ತಾಗಿದಾಗ ಎದ್ದು ನಿಂತೆ. ಕಾಲು ಜಾರಿ ಮತ್ತೆ ಬಿದ್ದೆ. ಎದ್ದು ಹಗ್ಗ ಹಿಡಿದು ದಡ ಹತ್ತಿದೆ. ಫಲಕದ ಗಡಿಯಾರದಲ್ಲಿ ಅರವತ್ತೊಂಬತ್ತು ನಿಮಿಷ ಹನ್ನೆರಡು ಸೆಕೆಂಡ್.

ಬೇಲಿಯ ಆಚೆ ಹೆಂಡತಿ ಇದ್ದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ನನ್ನ ಕಾಲು ನೋಡುತ್ತಿದ್ದಳು.

"ರೀ, ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಳ್ಳಾಕತ್ತೀರಿ. ಗಡಿಬಿಡಿ ಮಾಡಬ್ಯಾಡ್ರಿ. ಕುಂತು ಹಾಕ್ಕೊಳ್ರಿ."

ಕೂತು ಹಾಕಿಕೊಂಡೆ. ಸೈಕಲ್ ತಳ್ಳಿಕೊಂಡು ಗೆರೆಯವರೆಗೆ ಓಡಿ, ಹತ್ತಿ ತುಳಿದೆ. ಒದ್ದೆ ಮೈಗೆ ಗಾಳಿ ತಗುಲಿ ಚಳಿಯಾಯಿತು. ಮೊದಲ ಕೆಲವು ಕಿಲೋಮೀಟರ್ ನಾನು ಏನೂ ಯೋಚಿಸಲಿಲ್ಲ. ಆಮೇಲೆ, ಮುಂದಿನ ಭಾನುವಾರ ಸಂತೆಕಲ್ಲೂರಿಗೆ ಹೋಗಬಹುದು ಎಂಬುದು ಹೊಳೆಯಿತು. ಸೈಕಲ್ ಮುಗಿಯಿತು, ಓಟವೂ ಮುಗಿಯಿತು. ಕೊನೆಯ ಐದು ಕಿಲೋಮೀಟರ್ ಓಡಿದ್ದಕ್ಕಿಂತ ನಡೆದದ್ದು ಹೆಚ್ಚು. ಗಡುವಿಗೆ ಇನ್ನೂ ಸಮಯವಿರುವಾಗಲೇ ಗೆರೆ ದಾಟಿದೆ.

ಅವತ್ತು ಸಂಜೆ ಬಸ್ಸಿಗೆ ಕಾಯುತ್ತ ಚಾಚಾಗೆ ಫೋನ್ ಮಾಡಿದೆ. ಚಾಚಿ ಎತ್ತಿ, ಸುದ್ದಿ ಕೇಳಿ, ಅವರಿಗೆ ಕೊಟ್ಟರು. ಹೇಗೆ ಧನ್ಯವಾದ ಹೇಳಬೇಕೆಂದು ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಎರಡು ವಾಕ್ಯ ಜೋಡಿಸಿಕೊಂಡಿದ್ದೆ. ಹೇಳಲು ಅವರು ಬಿಡಲಿಲ್ಲ.

"ಅದಿರಲಿ ಸಾಹೇಬ್ರ, ನೀರಾಗ ನಿಮ್ಮ ಹಿಂದ ಎಷ್ಟು ಮಂದಿ ಇದ್ರು?"

ಫಲಿತಾಂಶದ ಹಾಳೆಯಲ್ಲಿ ನೋಡಿಕೊಂಡಿದ್ದೆ. "ಹನ್ನೊಂದು ಮಂದಿ, ಚಾಚಾ. ಅವರನ್ನ ಸೈಕಲ್ ಹತ್ತಾಕ ಬಿಡಲಿಲ್ಲ."

"ಅವರ ಫೋನ್ ನಂಬರ್ ತಗೊಂಡು ಬರ್ರಿ" ಎಂದರು. "ಬಾವ್ಯಾಗ ನೀರು ಇನ್ನೂ ಎರಡು ತಿಂಗಳು ಇರ್ತದ."